ಘಟ್ಟದ ಬೀಟೆ, ಕಡಲಾಚೆಯ ಗಿಟಾರು

ಎಡಗೈಯಲ್ಲಿ ಬಳಪ ಹಿಡಿದ ಮಗುವಿಗೆ ಹಿಂದೆಲ್ಲ ಮಲೆನಾಡಿನ ಮನೆಗಳಲ್ಲಿ ಗದರಿಕೆ ತಪ್ಪುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಎಡಗೈ ಎಲೆಯ ಹತ್ತಿರ ಬಂದರೆ ಅಜ್ಜಿಯ ಕಣ್ಣು ಕೆಂಪಾಗುತ್ತಿತ್ತು. ಈಗ ಎಡಚ ಹುಡುಗ ಎಡಗೈಯಲ್ಲೇ ಬರೆಯುತ್ತಾನೆ, ಎಡಗೈಯಲ್ಲೇ ಬೌಲಿಂಗ್ ಮಾಡುತ್ತಾನೆ, ಯಾರೂ ಏನೂ ಅನ್ನುವುದಿಲ್ಲ. ಅವನಿಗೆ ಗಿಟಾರು ಬೇಕೆನಿಸಿದ ದಿನ ಮಾತ್ರ ಅಂಗಡಿಗಳೆಲ್ಲ ಬಲಗೈಯವರಿಗಾಗಿಯೇ ಇವೆ ಎಂಬುದು ಅರಿವಾಗುತ್ತದೆ.

ಶಿವಮೊಗ್ಗದ ಅಂಗಡಿಯಲ್ಲಿ ಕೇಳಿದರೂ ಬೆಂಗಳೂರಿನ ದೊಡ್ಡ ಮಳಿಗೆಯಲ್ಲಿ ಕೇಳಿದರೂ ಎಡಚರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ತಂತಿ ತಿರುಗಿಸಿ ಹಾಕಿಕೊಡ್ತೀವಿ.’ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನು ತಲೆಕೆಳಗು ಮಾಡಿ, ತಂತಿ ಬದಲಿಸಿಕೊಂಡು ನುಡಿಸಿದ್ದು ನಿಜ. ಆದರೆ ಅವನದು ವಿದ್ಯುತ್ ಗಿಟಾರು. ಮರದ ಹೊಟ್ಟೆಯ ಅಕೌಸ್ಟಿಕ್ ಗಿಟಾರಿಗೆ ಈ ಉಪಾಯ ಅಷ್ಟಾಗಿ ಹೊಂದುವುದಿಲ್ಲ. ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪುಟ್ಟ ಪಟ್ಟಿಯಲ್ಲಿ ದಪ್ಪ ತಂತಿಗೆ ಅಗಲ ಕಚ್ಚು, ಸಣ್ಣ ತಂತಿಗೆ ಸಣ್ಣ ಕಚ್ಚು ಕೊರೆದಿರುತ್ತದೆ. ಕೆಳಗಡೆ ತಂತಿಗಳನ್ನು ಹೊತ್ತ ಸ್ಯಾಡಲ್ ಓರೆಯಾಗಿರುತ್ತದೆ. ಆ ಓರೆಯಿಂದಲೇ ಮೇಲಿನ ಮನೆಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಸ್ವರ ಸರಿಯಾಗಿ ನಿಲ್ಲುವುದು. ಹೊಟ್ಟೆಯೊಳಗೆ ಅಂಟಿಸಿರುವ ಮರದ ಪಟ್ಟಿಗಳೂ ಎರಡು ಬದಿಗೆ ಒಂದೇ ತೆರನಾಗಿರುವುದಿಲ್ಲ. ತಂತಿ ತಿರುಗಿಸಿದರೆ ಇವೆಲ್ಲ ಉಲ್ಟಾ ಆಗುತ್ತವೆ. ಕೈಗೆ ಒಗ್ಗಿದರೂ ಕಿವಿಗೆ ಒಗ್ಗದ ವಾದ್ಯ ಅದು.

ಹೀಗಾಗಿ ಎಡಗೈಯವರ ಒಳ್ಳೆಯ ಗಿಟಾರು ಬೇಕಾದವರು ಕಡಲಾಚೆ ಕಣ್ಣು ಹಾಯಿಸುತ್ತಾರೆ. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ, ಕುಪ್ಪಳ್ಳಿಯ ಆಸುಪಾಸಿನ ಒಂದು ಮನೆಯಲ್ಲಿ ಅಂಥ ಹುಡುಗನೊಬ್ಬ ಇದ್ದಾನೆಂದು ಇಟ್ಟುಕೊಳ್ಳೋಣ. ಅಮೆರಿಕದ ಯಾವುದೋ ಊರಿನ ಅಂಗಡಿಯಲ್ಲಿ ಅವನಿಗೆ ಬೇಕಾದ್ದು ಇದೆ. ಆ ಅಂಗಡಿಯವರು ತಮ್ಮ ದೇಶದೊಳಗೆ ಮಾತ್ರ ಕಳಿಸುತ್ತಾರೆ. ಅಲ್ಲಿಂದ ಇಲ್ಲಿಗೆ ಆ ಪೆಟ್ಟಿಗೆ ಬರಬೇಕಾದರೆ ನಡುವೆ ಒಬ್ಬ ಹೊರೆಯಾಳು ಬೇಕು. ಆ ಹೊರೆಯಾಳಿಗೆ ಈಗಿನ ಹೆಸರು ಫ್ರೈಟ್ ಫಾರ್ವರ್ಡರ್.

ದೂರದ ವಾದ್ಯ ಘಟ್ಟ ಹತ್ತಿ ಬರುವುದು ಈ ಸೀಮೆಗೆ ಹೊಸದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಕಲಿತ ಪಿಟೀಲು ಇಂದು ಪರದೇಶದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದರು. ಪ್ಯಾರಿಸಿನಲ್ಲಿ ಅಲೆಕ್ಸಾಂಡರ್ ದೆಬೆನ್ 1840ರ ದಶಕದಲ್ಲಿ ರೂಪಿಸಿದ ಹಾರ್ಮೋನಿಯಂ ಕಲ್ಕತ್ತೆಗೆ ಬಂದು, ಕಾಲಿನಲ್ಲಿ ತುಳಿಯುವ ತಿದಿ ಹೋಗಿ ಕೈಯಲ್ಲಿ ಒತ್ತುವ ತಿದಿಯಾಯಿತು. ಆಮೇಲೆ ಕಂಪನಿ ನಾಟಕಗಳ ಜೊತೆ ಊರೂರು ಸುತ್ತಿತು. ಆಕಾಶವಾಣಿ 1940ರಿಂದ ಸುಮಾರು 30 ವರ್ಷ ಅದನ್ನು ತನ್ನ ಸ್ಟುಡಿಯೋದೊಳಗೆ ಬಿಟ್ಟುಕೊಳ್ಳಲಿಲ್ಲ. ಯಕ್ಷಗಾನದ ರಂಗಸ್ಥಳ ಮಾತ್ರ ಬಿಟ್ಟುಕೊಂಡಿತು. ಸೋರೆಬುರುಡೆಯ ಪುಂಗಿ ಹಿಡಿಯುತ್ತಿದ್ದ ಶ್ರುತಿಯನ್ನು ಹಾರ್ಮೋನಿಯಂ ಹಿಡಿಯಿತು. ಹಳೆಯ ಪೆಟ್ಟಿಗೆ ಇರುವವರು ಈಗಲೂ ‘ಜರ್ಮನ್ ರೀಡು’, ‘ಪ್ಯಾರಿಸ್ ರೀಡು’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಹಡಗಿನಲ್ಲಿ ಬಂದ ಆ ಹಿತ್ತಾಳೆಯ ನಾಲಗೆಗಳ ಹೆಸರು ಮನೆಯ ಹಿರಿಯರ ಹೆಸರಿನಂತೆ ಉಳಿದುಬಿಟ್ಟಿದೆ.

ಸ್ಯಾಕ್ಸೋಫೋನಿನದೂ ಇದೇ ಕಥೆ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟು ಪಡೆದ ಈ ವಾದ್ಯ ಮೈಸೂರು ಅರಮನೆಯ ಬ್ಯಾಂಡಿನಲ್ಲಿತ್ತು. ನಾಗಸ್ವರದ ಮನೆತನದ ಹುಡುಗನೊಬ್ಬ ಅದನ್ನು ಅಲ್ಲಿ ಕೇಳಿದ. ಗಮಕ ಒಲಿಯದ ಆ ಲೋಹದ ಕೊಳವೆಯ ಕೀಲಿಗಳನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಕದ್ರಿ ಗೋಪಾಲನಾಥ್ ಆದ. 1994ರಲ್ಲಿ ಅವರು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಇಂದು ಘಟ್ಟದ ಮೇಲಿನ ಮದುವೆಗಳಲ್ಲೂ ಧಾರೆಯ ಹೊತ್ತಿಗೆ ಸ್ಯಾಕ್ಸೋಫೋನ್ ಮೊಳಗುತ್ತದೆ; ಮಂಗಳವಾದ್ಯ ಅಂದರೆ ಅದೂ ಸೇರಿಯೇ.

ದೂರದಿಂದ ಬಂದದ್ದು ವಾದ್ಯಗಳಷ್ಟೇ ಅಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಚಿತ್ರಸಮಾಜ ಕಟ್ಟಿದಾಗ ಜಗತ್ತಿನ ಸಿನಿಮಾಗಳು ರೀಲಿನ ಡಬ್ಬಿಗಳಲ್ಲಿ ಅಡಿಕೆ ತೋಟದ ನಡುವೆ ಬಂದಿಳಿದವು. ಕುಪ್ಪಳ್ಳಿಯ ಕವಿ ಕುವೆಂಪು ಅವರ ಮನೆಯ ಕುಡಿ ಪೂರ್ಣಚಂದ್ರ ತೇಜಸ್ವಿ ಸಿತಾರ್ ಕಲಿತಿದ್ದರು, ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆಯುತ್ತಿದ್ದರು, ಕೆಟ್ಟ ಯಂತ್ರವನ್ನು ತಾವೇ ಬಿಚ್ಚಿ ಕೂರುತ್ತಿದ್ದರು. ಒಳ್ಳೆಯ ಸಲಕರಣೆಗಾಗಿ ಹಂಬಲಿಸುವುದು ಕಲೆಗೆ ಹೊರತಾದ ಷೋಕಿ ಎಂದು ಈ ಸೀಮೆಯ ದೊಡ್ಡವರು ತಿಳಿದಿರಲಿಲ್ಲ.

ಆಮದಿಗೆ ಲೈಸೆನ್ಸು ಬೇಕಾಗಿದ್ದ ದಿನಗಳಲ್ಲಿ ದಾರಿ ಇನ್ನೂ ಕಡಿದಾಗಿತ್ತು. ಮುಂಬಯಿಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ ಸಿಂಗಪುರದಲ್ಲಿ ಕೊಂಡು ತಂದ ರೋಲೆಂಡ್ ಯಂತ್ರಗಳಿಂದಲೇ 1982ರಲ್ಲಿ ಹತ್ತು ರಾಗಗಳ ಡಿಸ್ಕೋ ಧ್ವನಿಮುದ್ರಿಕೆ ಮಾಡಿದ್ದು. ಆ ಕಾಲದಲ್ಲಿ ಪರದೇಶದಿಂದ ಬರುವ ಅಣ್ಣನ ಸೂಟ್‌ಕೇಸೇ ಎಲ್ಲರ ಫಾರ್ವರ್ಡರ್. ಗಿಟಾರಿನ ತಂತಿ, ವಯಲಿನ್ನಿನ ರಾಳ, ಕ್ಲಾರಿಯೊನೆಟ್ಟಿನ ರೀಡು, ಇವೆಲ್ಲ ಚಾಕ್‌ಲೇಟಿನ ಜೊತೆ ಬರುತ್ತಿದ್ದವು. ಈಗಲೂ ಬರುತ್ತವೆ. ಆದರೆ ಇಡೀ ಗಿಟಾರು ಸೂಟ್‌ಕೇಸಿನಲ್ಲಿ ಹಿಡಿಸುವುದಿಲ್ಲ.

ಫಾರ್ವರ್ಡರ್‌ನ ಕೆಲಸ ಕೇಳುವುದಕ್ಕೆ ಸರಳ. ಅವರು ಅಮೆರಿಕದಲ್ಲೋ ಜಪಾನಿನಲ್ಲೋ ಇಂಗ್ಲೆಂಡಿನಲ್ಲೋ ಒಂದು ಗೋದಾಮು ಇಟ್ಟಿರುತ್ತಾರೆ. ಹೆಸರು ನೋಂದಾಯಿಸಿದವರಿಗೆ ಆ ಗೋದಾಮಿನ ವಿಳಾಸ, ಜೊತೆಗೊಂದು ಸಂಖ್ಯೆ ಕೊಡುತ್ತಾರೆ. ಅಂಗಡಿಯವನ ಪಾಲಿಗೆ ಗಿರಾಕಿ ಅಲ್ಲೇ ಪಕ್ಕದ ರಾಜ್ಯದವನು. ಪೆಟ್ಟಿಗೆ ಗೋದಾಮಿಗೆ ಬಂದ ಮೇಲೆ ಅಳತೆ, ತೂಕ, ಫೋಟೋ. ಗಿಟಾರಿನ ಜೊತೆ ಬೇರೆ ಕಡೆಯಿಂದ ತಂತಿಯ ಕಟ್ಟು, ಪೆಡಲ್ಲು ತರಿಸಿದ್ದರೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ, ಕಾಗದಪತ್ರ ಮಾಡಿ, ವಿಮಾನ ಹತ್ತಿಸುತ್ತಾರೆ. ಪಿಯಾನೋದಂಥ ದೊಡ್ಡ ಸಾಮಾನಾದರೆ ಹಡಗು. ಕಂಟೈನರಿನ ಜಾಗವನ್ನು ಹತ್ತಾರು ಜನರ ಸರಕಿಗೆ ಹಂಚಿ, ಘನಮೀಟರಿನ ಲೆಕ್ಕದಲ್ಲಿ ದುಡ್ಡು ಹಾಕುತ್ತಾರೆ.

ಮೊದಲ ಸಲ ತರಿಸುವವರು ಎಡವುವುದು ತೂಕದ ಲೆಕ್ಕದಲ್ಲಿ. ಗಿಟಾರು, ಅದರ ಗಟ್ಟಿ ಕೇಸು, ಹೊರಗಿನ ರಟ್ಟಿನ ಪೆಟ್ಟಿಗೆ ಎಲ್ಲ ಸೇರಿ ತಕ್ಕಡಿಯ ಮೇಲೆ 9 ಕೆ.ಜಿ. ತೂಗಬಹುದು. ಬಿಲ್ಲು ಬರುವುದು 24 ಕೆ.ಜಿ.ಗೆ. ಮೋಸವೇನೂ ಇಲ್ಲ. ವಿಮಾನದಲ್ಲಿ ಭಾರದಷ್ಟೇ ಜಾಗಕ್ಕೂ ಬೆಲೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಕೊರಿಯರಿನವರ ರೂಢಿ. 120, 50, 20 ಸೆಂಟಿಮೀಟರಿನ ಪೆಟ್ಟಿಗೆಯಾದರೆ 1,20,000, ಭಾಗಿಸಿದರೆ 24. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಎತ್ತರದಲ್ಲಿ 2 ಸೆಂಟಿಮೀಟರ್ ಕಡಿಮೆಯಾದರೆ ಎರಡು ಕೆ.ಜಿ.ಗೂ ಮೀರಿ ಉಳಿಯುತ್ತದೆ. ಹಾಗೆಂದು ಗೋದಾಮಿನವರಿಗೆ ಪೆಟ್ಟಿಗೆ ಕಿರಿದು ಮಾಡಲು ಹೇಳುವುದು ಅಪಾಯ. ಆ ಎರಡು ಸೆಂಟಿಮೀಟರಿನ ಮೆತ್ತೆಯೇ ಗಿಟಾರಿನ ಕುತ್ತಿಗೆ ಕಾಯುವುದು. ಬಲ್ಲವರು ಅಂಗಡಿಯವನಿಗೆ ಮೊದಲೇ ಬರೆಯುತ್ತಾರೆ: ತಂತಿ ಸ್ವಲ್ಪ ಸಡಿಲಿಸಿ, ತಲೆಯ ಭಾಗದ ಕೆಳಗೆ ಕಾಗದದ ಉಂಡೆ ಒತ್ತಿ, ಕೇಸಿನೊಳಗೆ ಏನೂ ಅಲುಗಾಡದಂತೆ ನೋಡಿ. ಪೆಟ್ಟಿಗೆ ಎತ್ತರದಿಂದ ಬಿದ್ದರೆ ಗಿಟಾರು ಮುರಿಯುವುದು ಹೆಚ್ಚಾಗಿ ತಲೆ ಮತ್ತು ಕುತ್ತಿಗೆ ಸೇರುವ ಆ ಒಂದು ಜಾಗದಲ್ಲೇ.

ಆಮೇಲೆ ಕಸ್ಟಮ್ಸ್. ವಾದ್ಯಗಳಿಗೆ ಸುಂಕಪಟ್ಟಿಯಲ್ಲಿ 92ನೇ ಅಧ್ಯಾಯ ಮೀಸಲು. ಸ್ವಂತ ಬಳಕೆಗೆಂದು ಕೊರಿಯರಿನಲ್ಲೋ ಅಂಚೆಯಲ್ಲೋ ತರಿಸುವ ವಸ್ತುವಿಗೆ 9804 ಎಂಬ ಬೇರೆಯದೇ ಶೀರ್ಷಿಕೆ ಇದೆ. ಬಜೆಟ್ಟಿನಿಂದ ಬಜೆಟ್ಟಿಗೆ ದರ ಬದಲಾಗುತ್ತದೆ. ಆದ್ದರಿಂದ ದುಡ್ಡು ಕಟ್ಟುವ ಮೊದಲು ಯಾವ ಶೀರ್ಷಿಕೆಯಡಿ, ಎಷ್ಟು ದರ ಎಂದು ಫಾರ್ವರ್ಡರ್‌ನಿಂದ ಬರೆಸಿಕೊಳ್ಳಬೇಕು. ಲೆಕ್ಕದ ದಾರಿ ಮಾತ್ರ ಬದಲಾಗುವುದಿಲ್ಲ. ವಾದ್ಯದ ಬೆಲೆ, ವಿಮೆ, ಸಾಗಣೆ ಮೂರೂ ಸೇರಿದ ಮೊತ್ತದ ಮೇಲೆ ಸುಂಕ. ಆ ಮೊತ್ತ 1,00,000 ರೂಪಾಯಿ, ಮೂಲ ಸುಂಕ ಶೇ. 10 ಎಂದು ಹಿಡಿದರೆ 10,000. ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್ಚಾರ್ಜು 1,000. ಎಲ್ಲ ಕೂಡಿದ 1,11,000ದ ಮೇಲೆ ಜಿಎಸ್‌ಟಿ ಶೇ. 18 ಎಂದರೆ 19,980. ಲಕ್ಷದ ಗಿಟಾರು ಕೈಸೇರುವಾಗ 1,30,980. ಸಾಗಣೆಯ ದುಡ್ಡಿನ ಮೇಲೂ ತೆರಿಗೆ ಬಿದ್ದಿರುತ್ತದೆ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ.

‘ಗಿಫ್ಟ್ ಅಂತ ಬರೆಸಿಬಿಡು’ ಎಂದು ಸಲಹೆ ಕೊಡುವ ನೆಂಟರು ಎಲ್ಲ ಕಡೆ ಇರುತ್ತಾರೆ. ಉಡುಗೊರೆಗೆ ಇದ್ದ ಸುಂಕದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಉಳಿದದ್ದು ರಾಖಿ, ಜೀವರಕ್ಷಕ ಔಷಧಿಯಂಥವಕ್ಕೆ. ಬೆಲೆ ಕಡಿಮೆ ಬರೆಸುವುದು ಕಾನೂನಿಗೂ ವಿರುದ್ಧ, ತರಿಸುವವರಿಗೂ ನಷ್ಟ. ಪೆಟ್ಟಿಗೆ ಒಡೆದರೆ ವಿಮೆಯವರು ಕಾಗದದಲ್ಲಿ ಬರೆದ ಬೆಲೆಯನ್ನಷ್ಟೇ ನೋಡುತ್ತಾರೆ. ಸ್ವಂತಕ್ಕೆ ತರಿಸುವವರಿಗೆ ಆಮದುದಾರರ ಕೋಡು ಬೇಡ. ಗುರುತಿನ ದಾಖಲೆ, ಅಂಗಡಿಯ ಬಿಲ್ಲು, ದುಡ್ಡು ಕಟ್ಟಿದ್ದಕ್ಕೆ ಪುರಾವೆ ಸಿದ್ಧವಿದ್ದರೆ ಸಾಕು.

ವಿದ್ಯುತ್ತಿನ ವಾದ್ಯಗಳಿಗೆ ಇನ್ನೊಂದು ಎಚ್ಚರ ಬೇಕು. ಜಪಾನಿನ ಕೀಬೋರ್ಡು 100 ವೋಲ್ಟಿನದು, ಅಮೆರಿಕದ್ದು 120, ಇಲ್ಲಿನ ಗೋಡೆಯಲ್ಲಿ 230. ಅದಕ್ಕೆ ಟ್ರಾನ್ಸ್‌ಫಾರ್ಮರ್ ಉಂಟು. ಆದರೆ ಅಮೆರಿಕದ 60 ಹರ್ಟ್ಸ್ ಕರೆಂಟು ಇಲ್ಲಿ 50. ಹಳೆಯ ಹ್ಯಾಮಂಡ್ ಆರ್ಗನ್ನಿನ ಹಲ್ಲಿನ ಚಕ್ರಗಳನ್ನು ತಿರುಗಿಸುವ ಮೋಟಾರು ಈ ಸಂಖ್ಯೆಯನ್ನೇ ನಂಬಿ ಓಡುತ್ತದೆ. ಇಲ್ಲಿ ಹಾಕಿದರೆ ಇಡೀ ವಾದ್ಯದ ಶ್ರುತಿ ಸಾಧಾರಣ ಗಾಂಧಾರದಷ್ಟು ಕೆಳಗಿಳಿಯುತ್ತದೆ. ಬ್ಲೂಟೂತ್, ವೈರ್‌ಲೆಸ್ ಮೈಕು ಇದ್ದರೆ ದೂರಸಂಪರ್ಕ ಇಲಾಖೆಯ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಲಿಥಿಯಂ ಬ್ಯಾಟರಿ ಇದ್ದರೆ ವಿಮಾನದವರ ನಿಯಮವೇ ಬೇರೆ.

ಅಕೌಸ್ಟಿಕ್ ಗಿಟಾರಿಗೆ ಇದಾವುದರ ಕಾಟವೂ ಇಲ್ಲ. ಅದಕ್ಕಿರುವುದು ಮರದ ಪ್ರಶ್ನೆ.

ಯಾವ ಮರ ಎಂದು ಕಾಗದದಲ್ಲಿ ಕೇಳುತ್ತಾರೆ. ಮುಖಕ್ಕೆ ಸ್ಪ್ರೂಸ್, ಕುತ್ತಿಗೆಗೆ ಮಹಾಗನಿ. ಬೆನ್ನು, ಪಕ್ಕೆ, ಬೆರಳು ಓಡುವ ಹಲಗೆ? ಅಂಗಡಿಯವನು ಬರೆದು ಕಳಿಸಿದ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಗಿಟಾರು ಕಟ್ಟುವವರ ಬಾಯಲ್ಲಿ ಈಸ್ಟ್ ಇಂಡಿಯನ್ ರೋಸ್‌ವುಡ್. ಕುಪ್ಪಳ್ಳಿಯ ಕಾಡಂಚಿನಲ್ಲಿ ನಿಂತು ಕೇಳಿದರೆ ಅದರ ಹೆಸರು ಬೀಟೆ.

ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಿನ ಮಾರ್ಟಿನ್ ಕಂಪನಿ 1833ರಿಂದ ಗಿಟಾರು ಕಟ್ಟುತ್ತಿದೆ. ಅವರ ಹೆಸರಾಂತ ಡಿ-28 ಮಾದರಿಗೆ ಮೊದಲು ಬಳಸುತ್ತಿದ್ದುದು ಬ್ರೆಜಿಲಿನ ರೋಸ್‌ವುಡ್. ಬ್ರೆಜಿಲ್ ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ, 1969ರ ಕೊನೆಯ ಹೊತ್ತಿಗೆ ಅವರು ಭಾರತದ ಬೀಟೆಗೆ ಹೊರಳಿದರು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಗಿಟಾರು ಕಟ್ಟುವವರು ತೆಳ್ಳಗೆ ಸೀಳಿದ ಬೀಟೆಯ ಹಲಗೆಯನ್ನು ಎರಡು ಬೆರಳಿನಲ್ಲಿ ತೂಗುಹಾಕಿ, ಗೆಣ್ಣಿನಿಂದ ತಟ್ಟಿ ಕೇಳುತ್ತಾರೆ. ಒಳ್ಳೆಯ ಹಲಗೆ ಗಂಟೆಯಂತೆ ನುಡಿದು, ಆ ನಾದ ನಿಧಾನವಾಗಿ ಕರಗುತ್ತದೆ. ಮಲೆನಾಡಿನ ಬಡಗಿಗಳು ಬೀಟೆಯನ್ನು ಬಲ್ಲದ್ದು ಮಂಚ, ಪೆಟ್ಟಿಗೆ, ಬಾಗಿಲುಗಳಲ್ಲಿ. ಕಪ್ಪುಗಂದು ಮೈ, ನಡುವೆ ನೇರಳೆ ಗೆರೆ, ಗರಗಸ ಹಾಕಿದಾಗ ಏಳುವ ಸಿಹಿಯಾದ ಕಂಪು. ಆ ಕಂಪಿನಿಂದಲೇ ಇಂಗ್ಲಿಷಿನವರು ಅದಕ್ಕೆ ಗುಲಾಬಿಯ ಹೆಸರಿಟ್ಟದ್ದು.

ಇಷ್ಟು ಬೇಡಿಕೆ ಇರುವ ಮರ ಕಾಡಿನಲ್ಲಿ ಕಡಿಮೆಯಾಗದೆ ಇರುತ್ತದೆಯೇ? ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬೀಟೆ ಅಪಾಯದಂಚಿನ ಮರ. ಭಾರತದಿಂದ ದಿಮ್ಮಿಯಾಗಿ ಹೊರಗೆ ಕಳಿಸುವಂತಿಲ್ಲ. ಕರ್ನಾಟಕದಲ್ಲಿ ಸ್ವಂತ ಜಮೀನಿನಲ್ಲಿ ಬೆಳೆದದ್ದನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲವನ್ನೆಲ್ಲ ತನ್ನ ಎರಡನೇ ಪಟ್ಟಿಗೆ ಸೇರಿಸಿತು. ಆಮೇಲೆ ಸುಮಾರು ಮೂರು ವರ್ಷ ಗಿಟಾರು ತರಿಸುವವರ ಪಾಡು ಕಷ್ಟವಾಯಿತು. ಬೆರಳ ಹಲಗೆಯಲ್ಲಿ ಒಂದಂಗುಲ ದಪ್ಪವೂ ಇಲ್ಲದ ಬೀಟೆ ಇದ್ದರೂ ಮಾರುವಾಗ ಪರವಾನಗಿ ಕಾಗದ ಬೇಕಾಯಿತು. ಎಷ್ಟೋ ಕಂಪನಿಗಳು ಬೇರೆ ಮರ ಹುಡುಕಿದವು. ಸಂಗೀತಗಾರರೂ ವಾದ್ಯ ಕಟ್ಟುವವರೂ ಒತ್ತಾಯಿಸಿದ ಮೇಲೆ, 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. 1992ರಿಂದ ಮೊದಲನೇ ಪಟ್ಟಿಯಲ್ಲಿರುವ ಬ್ರೆಜಿಲ್ ರೋಸ್‌ವುಡ್ಡಿಗೆ ಆ ವಿನಾಯಿತಿ ಇಲ್ಲ. 1960ರ ದಶಕದ ಹಳೆಯ ಗಿಟಾರಿಗೆ ಆಸೆಪಟ್ಟವರು ಇದನ್ನು ತಿಳಿದೇ ಮುಂದೆ ಹೋಗಬೇಕು.

ಹುಡುಗನ ಗಿಟಾರಿನ ಬೀಟೆ ಯಾವ ಬೆಟ್ಟದ್ದೋ ಹೇಳುವವರಿಲ್ಲ. ಪಶ್ಚಿಮಘಟ್ಟದ ಉದ್ದಕ್ಕೂ ಆ ಮರವಿದೆ. ಕಾಗದದಲ್ಲಿ ದೇಶದ ಹೆಸರು ಮಾತ್ರ ಇರುತ್ತದೆ. ಆದರೂ ಇಲ್ಲಿ ಮಳೆ ಕುಡಿದು ನೂರಾರು ಮಳೆಗಾಲ ನಿಂತ ಮರದ ಜಾತಿಯೇ ಅಲ್ಲಿ ಗಿಟಾರಾಗಿ, ಎಡಗೈಯ ಹುಡುಗನೊಬ್ಬನಿಗಾಗಿ ಮತ್ತೆ ಕಡಲು ದಾಟಿ ಬರುತ್ತಿದೆ ಎಂಬುದು ಸಣ್ಣ ಮಾತಲ್ಲ. ಸಾಗಣೆಯ ಬಿಲ್ಲು ನೋಡಿ ಹೊಟ್ಟೆ ಉರಿದುಕೊಳ್ಳುವಾಗ ಆ ಮರ ಹೋಗಿಬಂದ ದೂರವನ್ನೂ ನೆನೆಯಬೇಕು.

ಪೆಟ್ಟಿಗೆ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತದೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣಕ್ಕೆ ಕುವೆಂಪು ಅವರ ಹೆಸರೇ ಇದೆಯಾದರೂ ಪರದೇಶದ ಸರಕು ಅಲ್ಲಿಗೆ ನೇರ ಬರುವುದಿಲ್ಲ. ಬೆಂಗಳೂರಿನಿಂದ ಲಾರಿಯಲ್ಲಿ ಶಿವಮೊಗ್ಗ, ಅಲ್ಲಿಂದ ತುಂಗೆಯ ದಂಡೆ ಹಿಡಿದು ತೀರ್ಥಹಳ್ಳಿ. ಆಮೇಲಿನ ಹಳ್ಳಿಯ ಮನೆಗಳಿಗೆ ಬಹಳಷ್ಟು ಕೊರಿಯರಿನವರು ಬರುವುದಿಲ್ಲ. ‘ಪೇಟೆಗೆ ಬಂದು ತಗೊಂಡು ಹೋಗಿ’ ಎಂದು ಫೋನು ಬರುತ್ತದೆ. ಕೊಪ್ಪದ ಸಹಕಾರ ಸಾರಿಗೆಯ ಕಾರ್ಮಿಕರು 1991ರಿಂದ 2020ರವರೆಗೆ ತಾವೇ ಮಾಲೀಕರಾಗಿ ಬಸ್ಸು ಓಡಿಸಿದ ಸೀಮೆ ಇದು. ಇಲ್ಲಿನ ಬಸ್ಸುಗಳಿಗೆ ಜನರಷ್ಟೇ ಗಂಟುಮೂಟೆಗಳೂ ಹತ್ತುತ್ತವೆ. ಹೊರಗೆ ಕೆಸರು, ಮಳೆ; ಒಳಗೆ ಎರಡು ಸೀಟಿನ ಮೇಲೆ ಅಡ್ಡ ಮಲಗಿದ ನಾಲ್ಕಡಿ ಉದ್ದದ ಪೆಟ್ಟಿಗೆ. ಅದರ ಮೇಲೆ ಒದ್ದೆ ಕೊಡೆ ಇಡಲು ಹೋದವರಿಗೆಲ್ಲ ಹುಡುಗ ‘ಅಣ್ಣಾ, ಅದರ ಮೇಲೆ ಬೇಡ’ ಎನ್ನುತ್ತ ಮನೆ ತಲುಪುತ್ತಾನೆ.

ಮನೆ ತಲುಪಿದ ತಕ್ಷಣ ತೆರೆಯುವಂತಿಲ್ಲ. ವಿಮಾನದ ಹೊಟ್ಟೆಯ ತಂಡಿ, ಗೋದಾಮಿನ ಒಣಹವೆ ದಾಟಿ ಬಂದ ಮರಕ್ಕೆ ಏಕಾಏಕಿ ಆಗುಂಬೆಯ ಮಗ್ಗುಲಿನ ಮಳೆಗಾಲದ ಗಾಳಿ ತಾಗಿದರೆ ಮೈಮೇಲಿನ ಮೆರುಗು ಬಿರುಕು ಬಿಡಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಗಿಟಾರಿಗೆ ಹಿತವಾದ ತೇವ ಶೇ. 45ರಿಂದ 55, ಇಲ್ಲಿ ಆಷಾಢದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಆದ್ದರಿಂದ ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಒಂದು ಇಡೀ ದಿನ ಬಿಡಬೇಕು. ಆಮೇಲೂ ಕೇಸಿನೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಪುಟ್ಟ ತೇವಮಾಪಕ. ಬೂಷ್ಟು ಹಿಡಿಯದಂತೆ ಮದ್ದಳೆ, ಪುಸ್ತಕ, ಅಡಿಕೆ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದ ಬಿಸುಪಿನಲ್ಲಿ ಕಾಪಾಡಿಕೊಂಡು ಬಂದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಿಟಾರಿಗೆ ಒಲೆಯ ಶಾಖ ಅತಿಯಾಗುತ್ತದೆ. ಉಪ್ಪರಿಗೆಯ ನಡುಕೋಣೆಯೇ ಸರಿ.

ಮರುದಿನ ಸಂಜೆ ಹಗ್ಗ, ಟೇಪು, ರಟ್ಟು, ಬಬಲ್ ಕಾಗದ ಒಂದೊಂದಾಗಿ ಕಳಚಿ ಜಗಲಿಯ ತುಂಬ ಹರಡುತ್ತವೆ. ಕೇಸಿನ ಐದು ಚಿಲಕ ತೆಗೆದಾಗ ಅಂಟು, ಹೊಸ ಮರದ ವಾಸನೆ. ಅಜ್ಜ ಕನ್ನಡಕ ಏರಿಸಿಕೊಂಡು ಬಗ್ಗುತ್ತಾರೆ. ವಾದ್ಯದ ಹೆಸರು, ಊರು, ಬೆಲೆ ಯಾವುದನ್ನೂ ಅವರು ಕೇಳುವುದಿಲ್ಲ. ಗಿಟಾರನ್ನು ಮೆಲ್ಲಗೆ ಮಗುಚಿಸಿ, ಬೆನ್ನಿನ ಹಲಗೆಯ ಮೇಲೆ ಹೆಬ್ಬೆರಳು ಎಳೆಯುತ್ತಾರೆ, ಗೆಣ್ಣಿನಲ್ಲಿ ಒಮ್ಮೆ ತಟ್ಟುತ್ತಾರೆ.

‘ಇದು ಬೀಟೆ ಅಲ್ವೇನೋ ಮಾರಾಯ?’

ಹುಡುಗ ಹೌದೆನ್ನುತ್ತಾನೆ. ಅಜ್ಜ ಒಳಕೋಣೆಯ ಹಳೆಯ ಮಂಚದ ಕಡೆಗೊಮ್ಮೆ ನೋಡಿ, ಮತ್ತೆ ಗಿಟಾರಿನ ಗೆರೆಗಳನ್ನು ನೋಡುತ್ತಾರೆ. ‘ಎಲ್ಲಿ, ಬಾರ್ಸು ನೋಡಣ.’

ತಂತಿಗಳು ಪ್ರಯಾಣಕ್ಕೆಂದು ಸಡಿಲವಾಗಿವೆ. ಮೊದಲು ಶ್ರುತಿ ಮಾಡಬೇಕು. ಹುಡುಗ ಗಿಟಾರನ್ನು ತೊಡೆಯ ಮೇಲೇರಿಸಿ, ಕುತ್ತಿಗೆಯನ್ನು ಬಲಗೈಗೆ ಕೊಟ್ಟು, ಎಡಗೈಯಿಂದ ದಪ್ಪ ತಂತಿಯನ್ನು ಮೀಟುತ್ತ ಬಿರಡೆ ತಿರುಗಿಸತೊಡಗುತ್ತಾನೆ. ಅಜ್ಜ ಕಂಬಕ್ಕೆ ಒರಗಿ ಕೂರುತ್ತಾರೆ. ಆರು ತಂತಿಗಳಿವೆ, ಹೊತ್ತು ಹಿಡಿಯುತ್ತದೆ.